ಮನೆಯ ಹಿಂದಿನ ಕಿಂಡಿ

ಹಾನಗಲ್ಲಿಗೆ ಬಂದವರೆಲ್ಲ ತಾರಕೇಶ್ವರ ಗುಡಿಯ ಛತ್ತಿನ ಕಮಲ ನೋಡಿ ಕುತ್ತಿಗೆ ನೋಯಿಸಿಕೊಂಡು ಹೋಗುತ್ತಾರೆ. ನೋಡಬೇಕಾದ್ದೇ. ಕಲ್ಲಿನಲ್ಲಿ ಸುತ್ತು ಸುತ್ತಾಗಿ ಮೇಲೇರಿ, ನಡುವೆ ಕೆಳಕ್ಕೆ ಇಳಿಬಿದ್ದ ಅಂಥ ಹೂ ಕೆತ್ತಿದ ಕೈಗೆ ಶರಣು ಅನ್ನಲೇಬೇಕು. ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಯಲ್ಲಿ ನಿಂತರೂ ಅದೇ ಬೆರಗು; ಜನ ಅದನ್ನು ಅರವತ್ತು ಕಂಬದ ಗುಡಿ ಅಂತಲೇ ಕರೆಯುತ್ತಾರೆ. ವಾಸ್ತುಶಿಲ್ಪದ ಚರಿತ್ರೆ ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಇಷ್ಟೇ: ಗುಡಿ, ಕೋಟೆ, ಅರಮನೆ. ಆ ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗಿದರು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಕ್ಷೆ ಬರೆಯುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಒಂದು ಮಾತು ಹೇಳಬಲ್ಲೆ: ನಮ್ಮಲ್ಲಿ ಮನೆಯ ಅಳತೆಗಿಂತ ಮೊದಲು ಜಾತಿಯ ಅಳತೆ ಆಗಿರುತ್ತದೆ. ಇದು ಬಾಯಿಮಾತಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿಗೇ ಒಂದು ಅಧ್ಯಾಯವಿದೆ. ಅದರಂತೆ ಬ್ರಾಹ್ಮಣನ ಮನೆಯ ಅಗಲ 32 ಮೊಳ. ಅಲ್ಲಿಂದ ನಾಲ್ಕು ನಾಲ್ಕು ಮೊಳ ಇಳಿಸುತ್ತಾ ಕ್ಷತ್ರಿಯನಿಗೆ 28, ವೈಶ್ಯನಿಗೆ 24, ಶೂದ್ರನಿಗೆ 20. ಅದಕ್ಕೂ ಕೆಳಗಿನವರಿಗೆ ಇನ್ನೂ ಕಿರಿದು. ಮನುಸ್ಮೃತಿಯ ಹತ್ತನೆಯ ಅಧ್ಯಾಯವಂತೂ ಮೊಳ ಹಿಡಿಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಚಂಡಾಲರ ವಾಸ ಊರ ಹೊರಗೆ ಅಂತ ಹೇಳಿ ಮುಗಿಸಿತು. ಇದನ್ನು ಓದದ ಗೌಡ, ದೇಸಾಯಿಗಳೂ ಈ ಲೆಕ್ಕ ಮಾತ್ರ ತಪ್ಪಲಿಲ್ಲ. ಈ ನಾಲ್ಕು ತಾಲೂಕಿನ ಹಳೆಯ ಊರುಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಅಗಸಿ, ಚಾವಡಿ, ವಾಡೆ, ಗುಡಿ, ಓಣಿಗಳು. ಕೇರಿ ಎಲ್ಲಿ? ಹೆಚ್ಚುಪಾಲು ಊರ ಅಂಚಿಗೆ, ಊರಿನ ಬಚ್ಚಲ ನೀರು ಹರಿದುಬರುವ ತಗ್ಗಿನಲ್ಲಿ.

ಹಾನಗಲ್ಲು, ಹಿರೇಕೆರೂರು ಮಲೆನಾಡಿನ ಸೆರಗು. ಮಳೆ ಜಾಸ್ತಿ, ಅದಕ್ಕೇ ಇಳಿಜಾರಿನ ಹಂಚಿನ ಮನೆ. ಸವಣೂರಿನ ಕಡೆ ನೆಲ ಬಯಲಾಗುತ್ತಾ ಹೋದಂತೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಗೇಣುಗಟ್ಟಲೆ ಮಣ್ಣು. ಬೇಸಿಗೆಗೆ ಇಷ್ಟು ತಂಪಿನ ಮನೆ ಇನ್ನೊಂದಿಲ್ಲ. ಆದರೆ ವರ್ಷ ವರ್ಷ ಮುಂಗಾರಿಗೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯದಿದ್ದರೆ ಸೋರುತ್ತದೆ. ಶಿಗ್ಗಾಂವಿ ತಾಲೂಕಿನವರೇ ಆದ ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯ ಮೇಲೆ ಪದ ಕಟ್ಟಿದ್ದು ನಿಮಗೆಲ್ಲ ಗೊತ್ತು. ಅದಕ್ಕೆ ವೇದಾಂತದ ಅರ್ಥ ಹೇಳುವವರು ಬಹಳ ಮಂದಿ. ಮಾಳಿಗೆ ಹತ್ತಿ ಮಣ್ಣು ಬಡಿದವನಿಗೆ ಮೊದಲು ತಿಳಿಯುವುದು ಅದರ ಮಣ್ಣಿನ ಅರ್ಥ. ಹಾಗೆ ಹತ್ತಿದ ಆಳು ಎಷ್ಟೋ ಸಲ ಕೇರಿಯವನು. ಗೌಡರ ಮಾಳಿಗೆಯ ಮೇಲೆ ನಿಲ್ಲಬಹುದಿತ್ತು, ಅದೇ ಮಾಳಿಗೆಯ ಕೆಳಗೆ ಪಡಸಾಲೆಯಲ್ಲಿ ಕೂರುವ ಹಾಗಿರಲಿಲ್ಲ.

ನಾನು ಹೇಳಬೇಕೆಂದಿರುವುದು ಮುಂಬಾಗಿಲಿನ ಮಾತಲ್ಲ, ಹಿಂಬದಿಯದು. ನೀರಿನ ಪಾಯಿಖಾನೆ ಬರುವ ಮುಂಚಿನ ಪೇಟೆ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತಿತ್ತು. ಅದರ ಕಡೆಗೆ ನೆಲಕ್ಕೆ ಹತ್ತಿದಂತೆ ಮೊಳದಷ್ಟು ಕಿಂಡಿ. ಒಳಗಿನ ಕಟ್ಟೆಯ ಮೇಲೆ ಮನೆಯವರು ಕೂರುತ್ತಿದ್ದರು, ಹೊರಗಿನ ಕಿಂಡಿಯಿಂದ ಭಂಗಿಯವ್ವ ಕೈ ಹಾಕಿ ಮಲ ಬಳಿದು ಬುಟ್ಟಿಗೆ ತುಂಬುತ್ತಿದ್ದಳು. ಆಕೆ ಮನೆಯೊಳಗೆ ಬರಬಾರದು, ಆಕೆಯ ಮುಖ ಕಾಣಬಾರದು, ಆದರೆ ಆಕೆ ದಿನಾ ಬರಬೇಕು. ಈ ಮೂರನ್ನೂ ಒಟ್ಟಿಗೆ ನಡೆಸಿಕೊಟ್ಟಿದ್ದು ಆ ಕಿಂಡಿ. ಅದನ್ನು ಗೋಡೆಯಲ್ಲಿ ಬಿಟ್ಟವನು ಒಬ್ಬ ಮೇಸ್ತ್ರಿ. ಇಷ್ಟು ಎತ್ತರ, ಇಷ್ಟು ಅಗಲ ಅಂತ ಅಳೆದೇ ಬಿಟ್ಟ. ಕಮಲ ಕೆತ್ತಿದ ಕೈಯನ್ನು ಹೊಗಳುವ ನಮ್ಮ ಕಸುಬು ಈ ಕೈಯನ್ನೂ ತನ್ನದೆಂದು ಒಪ್ಪಿಕೊಳ್ಳಬೇಕು.

ಅರಸು ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರಲ್ಲಿ ಅವರ ಬೂಸಾ ಮಾತಿಗೆ ಬೆಂಕಿ ಹಚ್ಚಿ ಕುಣಿದವರು ಈ ಕೆಲಸವನ್ನು ಎಷ್ಟು ನೆನೆದರೋ ಏನೋ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಮಲ ಬಳಿಸುವುದನ್ನಷ್ಟೇ ಅಲ್ಲ, ಒಣ ಪಾಯಿಖಾನೆ ಕಟ್ಟುವುದನ್ನೂ ಅದು ಹೆಸರಿನಲ್ಲೇ ನಿಷೇಧಿಸಿತು. ಮನುಷ್ಯನನ್ನು ಬಿಡಿಸಬೇಕಾದರೆ ಗೋಡೆಯನ್ನು ಮುಟ್ಟಬೇಕು ಅಂತ ಕಾನೂನಿಗೆ ತಿಳಿದಿತ್ತು. ಪುರಸಭೆಗಳಿಗೆ ತಿಳಿಯಲಿಲ್ಲ. 2013ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು.

ಎರಡು ಕಾನೂನುಗಳ ನಡುವೆ ಸವಣೂರು ಇದೆ. 1948ರ ತನಕ ನವಾಬರ ಸಂಸ್ಥಾನವಾಗಿದ್ದ ಊರು. ಅದರ ಎಲೆ, ಅದರ ಖಾರ, ಅದರ ದೊಡ್ಡಹುಣಸೆ ಮರಗಳ ಬಗ್ಗೆ ಬರೆದವರು ಬೇಕಾದಷ್ಟು. ಪೇಟೆಯ ಮಲ ಎತ್ತಿದ ಭಂಗಿ ಮನೆತನಗಳೂ ಅಲ್ಲಿಯವೇ. ತಲೆಮಾರಿನಿಂದ ಅವರು ಬಾಳಿದ ಜಾಗ ಪೇಟೆ ಬೆಳೆದಂತೆ ಬೆಲೆಬಾಳುವ ಜಾಗವಾಯಿತು. ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕು, ನೀವು ಏಳಿ ಅಂತ ಪುರಸಭೆ ಹೇಳಿತು. 2010ರ ಜುಲೈ 20ರಂದು ಅವರು ಪುರಸಭೆಯ ಮುಂದೆ ಬಂದು ಮೈಮೇಲೆ ಮಲ ಸುರಿದುಕೊಂಡು ನಿಂತರು. ಇಡೀ ನಾಡು ಮೂಗು ಮುಚ್ಚಿಕೊಂಡು ನೋಡಿತು. ಮಲದ್ದು ದೊಡ್ಡ ಸುದ್ದಿಯಾಯಿತು. ಆದರೆ ಅವರು ಕೇಳಿದ್ದು ಮನೆ! ಒಂದು ನಕ್ಷೆಯಲ್ಲಿ ಮಳಿಗೆಗಳ ಗೆರೆ ಎಳೆದ ಎಂಜಿನಿಯರನಿಗೆ ಆ ಗೆರೆಯ ಕೆಳಗೆ ಒಲೆ ಉರಿಯುತ್ತಿದ್ದುದು ಕಾಣಲಿಲ್ಲ. ನಮ್ಮ ಕಸುಬಿನಲ್ಲಿ ಅಂಥ ಜಾಗಕ್ಕೆ ಖಾಲಿ ನಿವೇಶನ ಅಂತ ಹೆಸರು.

ಈಗ ಕೇರಿಯಲ್ಲಿ ಸರಕಾರದ ಮನೆಗಳು ಬಂದಿವೆ, ಇಲ್ಲ ಅನ್ನುವುದಿಲ್ಲ. ಗುಡಿಸಲಿಗಿಂತ ವಾಸಿ. ಆದರೆ ಹಾನಗಲ್ಲಿನ ಮಳೆಗೂ ಸವಣೂರಿನ ಬಿಸಿಲಿಗೂ ಅದೇ ಅಳತೆ. ಎಮ್ಮೆ ಕಟ್ಟಲು, ಕಟ್ಟಿಗೆ ಒಟ್ಟಲು, ಬಾಣಂತಿ ಮಲಗಲು ಜಾಗವಿಲ್ಲ. ಹೊಸ ಕಾಲೊನಿಗೆ ಹೊಲ ಸಿಕ್ಕುವುದು ಎಷ್ಟೋ ಕಡೆ ಹಳೆಯ ಕೇರಿಗಿಂತಲೂ ಆಚೆ.

ಮೊನ್ನೆ ಒಬ್ಬರು ಮನೆಯ ನಕ್ಷೆ ಬರೆಸಲು ಬಂದಿದ್ದರು. ಓದಿದವರು, ಒಳ್ಳೆಯ ಮಾತಿನವರು. ಎಲ್ಲ ಆದಮೇಲೆ, ‘ಪಾಯಿಖಾನಿಗೆ ಹಿಂದಿನಿಂದ ಒಂದು ಬ್ಯಾರೆ ಬಾಗಲಾ ಇಡ್ರಿ ಸರ’ ಅಂದರು.

‘ಯಾಕ್ರೀ, ಒಳಗಿನಿಂದ ಐತಲ್ಲ?’

‘ಅಲ್ರೀ, ತೊಳಿಯಾಕ ಬರೋರಿಗೆ. ಮನಿಯೊಳಗ ಹಾಯ್ದು ಬರೂದು ಬ್ಯಾಡ.’

ನಾನು ಆ ಬಾಗಿಲು ಬರೆಯಲಿಲ್ಲ. ಅವರು ಬೇರೆಯವರ ಹತ್ತಿರ ಬರೆಸಿಕೊಂಡರು. ಮನೆ ಈಗ ಛತ್ತಿನ ಮಟ್ಟಕ್ಕೆ ಬಂದಿದೆ.