ಅಗ್ಗದ ಟಿಕೆಟ್ಟಿನ ಭೂಗೋಳ: ಸೇಲಂ–ಧರ್ಮಪುರಿ ಸೀಮೆಯ ವಿಮಾನ ದರ ಕುರಿತು ಒಂದು ಭಿನ್ನ ವಾದ

ಸೇಲಂ ವಿಮಾನ ನಿಲ್ದಾಣ ಇರುವುದು ಓಮಲೂರಿನ ಬಳಿಯ ಕಾಮಲಾಪುರದಲ್ಲಿ. 1993ರಲ್ಲಿ ತೆರೆದ ಈ ನಿಲ್ದಾಣಕ್ಕೆ ವಿಮಾನಗಳು ಬಂದು ಹೋಗಿವೆಯೇ ಹೊರತು ನೆಲೆ ನಿಂತದ್ದು ಕಡಿಮೆ. ಮೊದಲು ಎನ್‌ಇಪಿಸಿ ಬಂತು, ನಿಂತಿತು. 2009ರ ನವೆಂಬರಿನಲ್ಲಿ ಕಿಂಗ್‌ಫಿಷರ್ ಬಂತು, ಅದೂ ನಿಂತಿತು. 2018ರ ಮಾರ್ಚಿನಲ್ಲಿ, ಸಣ್ಣ ಊರುಗಳಿಗೆ ಅಗ್ಗದ ವಿಮಾನ ಒದಗಿಸುವ ಕೇಂದ್ರ ಸರಕಾರದ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಾಟ ಶುರು ಮಾಡಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 2023ರ ಅಕ್ಟೋಬರಿನಲ್ಲಿ ಅಲಯನ್ಸ್ ಏರ್ ಮತ್ತು ಇಂಡಿಗೋ ಬಂದ ಮೇಲೆ ಬೆಂಗಳೂರು, ಕೊಚ್ಚಿ, ಹೈದರಾಬಾದ್, ಚೆನ್ನೈಗಳಿಗೆ ಮತ್ತೆ ಸಂಪರ್ಕ ಕುದುರಿತು. ಇಂಥ ಊರಿನವರಿಗೆ ಕೈಗೆಟಕುವ ಟಿಕೆಟ್ ಎಲ್ಲಿ ಸಿಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಮನೆಗೆ ಹತ್ತಿರದ ನಿಲ್ದಾಣದಲ್ಲಿ ಸಿಗುತ್ತದೆ ಎಂದು ಸರಕಾರದ ನೀತಿ ಹೇಳುತ್ತದೆ. ಅಲ್ಲಿ ಒಂದೇ ಕಂಪನಿ ಇದ್ದರೆ ಸಿಗುವುದಿಲ್ಲ ಎಂದು ಅರ್ಥಶಾಸ್ತ್ರದ ಒಂದು ಪ್ರಬಲ ಪರಂಪರೆ ಹೇಳುತ್ತದೆ. ಸೇಲಂ–ಧರ್ಮಪುರಿಯ ಮಟ್ಟಿಗೆ ಎರಡೂ ಉತ್ತರಗಳು ತಪ್ಪು ಕಡೆ ನೋಡುತ್ತಿವೆ ಎಂದು ನನ್ನ ವಾದ.

ವಿಮಾನ ದರದ ಬಗ್ಗೆ ಈಗಾಗಲೇ ಇರುವ ವಾದಗಳನ್ನು ಬೇಗ ದಾಟಬಹುದು. ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳಲ್ಲಿ ಮಾರುವ ಲೆಕ್ಕಾಚಾರಕ್ಕೆ 1972ರಲ್ಲಿ ಬ್ರಿಟಿಷ್ ವಿಮಾನ ಕಂಪನಿ ಬಿಒಎಸಿಯ ಕೆನ್ ಲಿಟಲ್‌ವುಡ್ ಅಡಿಪಾಯ ಹಾಕಿದರು. ಕೊನೆಗೆ ಬರುವ ಹೆಚ್ಚು ದರದ ಗಿರಾಕಿಗಾಗಿ ಸೀಟನ್ನು ಕಾದಿರಿಸಿದರೆ ಬರಬಹುದಾದ ಹಣಕ್ಕಿಂತ ಈಗ ಕೈಗೆ ಬರುವ ಹಣ ಹೆಚ್ಚಿದ್ದರೆ ಮಾತ್ರ ಅಗ್ಗಕ್ಕೆ ಮಾರು ಎಂಬುದು ಅದರ ಸಾರ. 1982ರಲ್ಲಿ ಬಾಮಲ್, ಪಾನ್ಜರ್, ವಿಲಿಗ್ ಮೂವರೂ, ಹೊಸ ಕಂಪನಿ ಯಾವಾಗ ಬೇಕಾದರೂ ಬಂದೀತು ಎಂಬ ಭಯವೇ ದರವನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂದರು. ಸ್ಪರ್ಧೆ ಹೆಚ್ಚಿದರೆ ದರಗಳ ಏರಿಳಿತ ಹೆಚ್ಚುತ್ತದೆಯೋ ತಗ್ಗುತ್ತದೆಯೋ ಎಂಬ ಬಗ್ಗೆ ಬೋರೆನ್‌ಸ್ಟೈನ್–ರೋಸ್ (1994) ಒಂದು ಮಾತು ಹೇಳಿದರೆ ಗೆರಾರ್ಡಿ–ಶಪಿರೊ (2009) ಅದಕ್ಕೆ ವಿರುದ್ಧವಾದ ಫಲಿತಾಂಶ ಕಂಡರು. ಆ ಜಗಳ ಇಲ್ಲಿ ನಮಗೆ ಬೇಕಾಗಿಲ್ಲ.

ನಮಗೆ ಬೇಕಾದದ್ದು ಸೆವೆರಿನ್ ಬೋರೆನ್‌ಸ್ಟೈನ್ 1989ರಲ್ಲಿ ಮಂಡಿಸಿದ ವಾದ. ಒಂದು ನಿಲ್ದಾಣದಲ್ಲಿ ಒಂದೇ ಕಂಪನಿಯ ಹಿಡಿತ ಬಲವಾಗಿದ್ದರೆ, ಅಲ್ಲಿಂದ ಹೊರಡುವ ಪ್ರಯಾಣಿಕರು ಹೆಚ್ಚು ತೆರಬೇಕಾಗುತ್ತದೆ ಎಂದು ಅವರು ಅಮೆರಿಕದ ಅಂಕಿಅಂಶಗಳಿಂದ ತೋರಿಸಿದರು. ಉಡಾನ್ ಯೋಜನೆ ಗೆದ್ದ ಕಂಪನಿಗೆ ಆ ಮಾರ್ಗದಲ್ಲಿ ಮೂರು ವರ್ಷದ ಏಕಸ್ವಾಮ್ಯ ಕೊಡುತ್ತದೆ. ಹಾಗಾದರೆ ಬೋರೆನ್‌ಸ್ಟೈನ್ ತರ್ಕದ ಪ್ರಕಾರ ಸೇಲಂ ದುಬಾರಿಯಾಗಲೇಬೇಕು. ಇದನ್ನು ಮುಂಗಂಡೇ ಯೋಜನೆ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಹಾಕಿತು. 2016ರಲ್ಲಿ ಘೋಷಿಸಿದ ಪ್ರಕಾರ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಆ ಮಿತಿ 2,500 ರೂಪಾಯಿ. ಕಂಪನಿಗೆ ಆಗುವ ಕೊರತೆಯನ್ನು ಸಹಾಯಧನ ತುಂಬುತ್ತದೆ. ಜತೆಗೆ ಉಡಾನ್ ನಿಲ್ದಾಣದಲ್ಲಿ ತುಂಬಿಸುವ ಇಂಧನದ ಮೇಲಿನ ರಾಜ್ಯ ತೆರಿಗೆಯನ್ನು ಶೇ. 1ಕ್ಕೆ ಇಳಿಸಬೇಕೆಂಬ ಷರತ್ತೂ ಇದೆ.

ಮಿತಿ ಇದ್ದರೂ ಅದರ ಫಲ ಯಾರಿಗೆ? 72 ಸೀಟಿನ ಎಟಿಆರ್ ವಿಮಾನದಲ್ಲಿ ಹೆಚ್ಚೆಂದರೆ 36 ಸೀಟಿಗೆ ಮಿತಿಯ ದರ. ಆ ಸೀಟುಗಳು ಬಡವರಿಗೆಂದು ಮೀಸಲಲ್ಲ, ಮೊದಲು ಬುಕ್ ಮಾಡಿದವರ ಪಾಲು. ತಿಂಗಳ ಮುಂಚೆ ದಿನ ಗೊತ್ತಿರುವ ಕಚೇರಿ ಕೆಲಸದವನಿಗೆ ಅವು ಸಿಗುತ್ತವೆ, ತಂದೆಗೆ ಹುಷಾರಿಲ್ಲವೆಂದು ನಾಳೆಯೇ ಹೊರಡಬೇಕಾದವನಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಿತಿ ಇರುವುದು ಒಂದು ಹಾರಾಟಕ್ಕೆ. ಪ್ರಯಾಣಿಕ ಲೆಕ್ಕ ಹಾಕುವುದು ಮನೆಯ ಬಾಗಿಲಿನಿಂದ ಊರು ಮುಟ್ಟುವ ತನಕ. ಸೇಲಂನಿಂದ ಹೈದರಾಬಾದಿಗೆ, ಅಲ್ಲಿಂದ ದಿಲ್ಲಿಗೆ ಹೋಗುವವನ ಎರಡನೆಯ ಹಾರಾಟಕ್ಕೆ ಮಾರುಕಟ್ಟೆಯದೇ ದರ. ಎರಡು ಟಿಕೆಟ್ ಬೇರೆಬೇರೆ ಕೊಂಡರೆ ಲಗೇಜ್ ಇಳಿಸಿಕೊಂಡು ಮತ್ತೆ ಕೊಡಬೇಕು; ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ.

ಈಗ ವಿವಾದದ ಬಿಂದುವಿಗೆ ಬರೋಣ. ಬೋರೆನ್‌ಸ್ಟೈನ್ ತರ್ಕ ನಿಲ್ಲಬೇಕಾದರೆ ಪ್ರಯಾಣಿಕ ಆ ನಿಲ್ದಾಣಕ್ಕೆ ಕಟ್ಟುಬಿದ್ದವನಾಗಿರಬೇಕು. ಸೇಲಂ–ಧರ್ಮಪುರಿಯ ಪ್ರಯಾಣಿಕ ಹಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 44 ಸೇಲಂ, ಓಮಲೂರು, ತೊಪ್ಪೂರು ಘಾಟಿ, ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳನ್ನು ಪೋಣಿಸಿಕೊಂಡು ಬೆಂಗಳೂರು ಸೇರುತ್ತದೆ. ಸೇಲಂನಿಂದ ಅಲ್ಲಿಗೆ ಸುಮಾರು 200 ಕಿ.ಮೀ. ಕೊಯಮತ್ತೂರು, ತಿರುಚಿರಾಪಳ್ಳಿಗಳು ಇನ್ನೂ ಹತ್ತಿರ. ಎರಡರಲ್ಲೂ ಅಂತರರಾಷ್ಟ್ರೀಯ ವಿಮಾನಗಳಿವೆ. ಸಣ್ಣ ನಿಲ್ದಾಣದ ಜನ ದೊಡ್ಡ ನಿಲ್ದಾಣಗಳತ್ತ ಸೋರಿಹೋಗುವುದನ್ನು ಸುಜುಕಿ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಡೆ ಮಾಯ್ನ್ ಊರನ್ನು ಹಿಡಿದು ವಿವರಿಸಿದ್ದರು. ಅಲ್ಲಿ ಇದು ಸಣ್ಣ ನಿಲ್ದಾಣದ ಸಮಸ್ಯೆ. ನಾನು ಇನ್ನೊಂದು ಹೆಜ್ಜೆ ಮುಂದಿಡುತ್ತೇನೆ: ಸೇಲಂ ಟಿಕೆಟ್ಟಿನ ಮೇಲ್ಮಿತಿಯನ್ನು ಗೊತ್ತುಮಾಡುವುದು ಉಡಾನ್ ಆದೇಶವೂ ಅಲ್ಲ, ಬಾಮಲ್ ಹೇಳಿದ ಹೊಸ ಕಂಪನಿಯ ಭಯವೂ ಅಲ್ಲ. ಅದು ಬೆಂಗಳೂರಿನ ದರ, ಅದಕ್ಕೆ ಕೂಡಿಸಿದ ಬಸ್ಸಿನ ಚಾರ್ಜು.

ಲೆಕ್ಕ ಸರಳ. ಬೆಂಗಳೂರಿನಿಂದ ನೇರ ಹಾರಿದರೆ ಒಂದು ಟಿಕೆಟ್ಟಿಗೆ ಉಳಿಯುವ ಹಣವನ್ನು ಪ್ರಯಾಣಿಕರ ಸಂಖ್ಯೆಯಿಂದ ಗುಣಿಸಿ. ಅದು ಕಾರಿನ ಬಾಡಿಗೆ, ಅತ್ತಿಬೆಲೆ, ಕೃಷ್ಣಗಿರಿ, ತೊಪ್ಪೂರು, ಓಮಲೂರುಗಳ ಟೋಲ್ ಎಲ್ಲವನ್ನೂ ಮೀರಿದರೆ ಬೆಂಗಳೂರೇ ಲಾಭ. ಕಾರಿನ ಖರ್ಚು ಒಬ್ಬರಿಗೂ ನಾಲ್ವರಿಗೂ ಒಂದೇ. ಟಿಕೆಟ್ಟಿನ ಉಳಿತಾಯ ಮಾತ್ರ ನಾಲ್ಕು ಪಟ್ಟು. ಆದ್ದರಿಂದ ಒಬ್ಬಂಟಿ ವ್ಯಾಪಾರಸ್ಥನಿಗೆ ಕಾಮಲಾಪುರ ಹಿತವಾದರೆ, ಮದುವೆಗೆ ಹೊರಟ ಸಂಸಾರಕ್ಕೆ ಹೆದ್ದಾರಿ ಹಿತ. ಒಂದೇ ಊರಿನಲ್ಲಿ, ಒಂದೇ ದಿನ, ಅಗ್ಗದ ಟಿಕೆಟ್ ಎರಡು ಮನೆಗಳಿಗೆ ಎರಡು ನಿಲ್ದಾಣಗಳಲ್ಲಿರುತ್ತದೆ. ದರಗಳನ್ನು ಮಾರ್ಗವಾರು ಜೋಡಿಸಿದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಅಂಶವನ್ನೂ ಸೇರಿಸಬೇಕು. ಕೆಂಪೇಗೌಡ ನಿಲ್ದಾಣ ಇರುವುದು ದೇವನಹಳ್ಳಿಯ ಕಡೆ. ಹೊಸೂರು ದಾರಿಯಿಂದ ಬಂದವರು ಇಡೀ ಬೆಂಗಳೂರನ್ನು ಸೀಳಿಕೊಂಡು ಹೋಗಬೇಕು. ಬೆಳಗಿನ ಜಾವದ ವಿಮಾನಕ್ಕೆ ದರ ಹಲವು ಸಲ ಇಳಿದಿರುತ್ತದೆ, ಆದರೆ ಅದನ್ನು ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿರಬೇಕು. ಲಾಡ್ಜಿನಲ್ಲಿ ತಂಗಿದರೆ ಉಳಿತಾಯ ಅಲ್ಲೇ ಕರಗುತ್ತದೆ, ನೆಂಟರ ಮನೆಯಿದ್ದರೆ ಉಳಿಯುತ್ತದೆ. ಸೇಲಂನ ದೇವಾಂಗ ನೇಕಾರರು, ಪೆನ್ನಾಗರ ಸೀಮೆಯ ಕನ್ನಡದ ಮನೆಗಳು, ಡೆಂಕಣಿಕೋಟೆ–ತಳಿಯ ರೈತ ಕುಟುಂಬಗಳು ಎಂದರೆ ಬೆಂಗಳೂರಿನಲ್ಲಿ ಒಬ್ಬ ಸೋದರಮಾವನೋ ಷಡ್ಡಕನೋ ಇರುವುದು ಅಪರೂಪವಲ್ಲ. ಹಾಗಿದ್ದಲ್ಲಿ ಈ ಕನ್ನಡ ಕುಟುಂಬಗಳಿಗೆ ನಂಟಸ್ತಿಕೆಯೂ ಟಿಕೆಟ್ ದರದ ಒಂದು ಭಾಗವೇ ಆಗುತ್ತದೆ. ಇದು ಈ ಲೇಖನದ ಅತ್ಯಂತ ಧೈರ್ಯದ ಮಾತು. ಆದ್ದರಿಂದಲೇ ಇದಕ್ಕೆ ಬೇಲಿ ಹಾಕಬೇಕು. ಬೆಂಗಳೂರಿನಲ್ಲಿ ನೆಂಟರಿರುವುದು ಕನ್ನಡದವರಿಗೆ ಮಾತ್ರವಲ್ಲ. ತಮಿಳು, ತೆಲುಗು ಮನೆಗಳಿಗೂ ಇರಬಹುದು. ಭಾಷೆ ಇಲ್ಲಿ ಕಾರಣವೋ, ಹಳೆಯ ವಲಸೆಯ ಗುರುತೋ ಎಂದು ಬಿಡಿಸಲು ಮನೆಮನೆಯ ಸಮೀಕ್ಷೆ ಬೇಕು. ಹೊಸೂರಿನ ಕಾರ್ಖಾನೆಗಳ ಕಾರ್ಮಿಕರಿಗೆ ರೈಲಿನ ಸ್ಲೀಪರ್ ಟಿಕೆಟ್ಟೇ ಅಳತೆಗೋಲಾಗಿದ್ದರೆ ಅವರು ಈ ಲೆಕ್ಕದಿಂದಲೇ ಹೊರಗೆ.

ಇನ್ನೊಂದು ಗಂಭೀರ ಆಕ್ಷೇಪವಿದೆ: ಸೇಲಂನಿಂದ ಬೆಂಗಳೂರಿಗೇ ವಿಮಾನ ಹತ್ತಿದವನು ನೇರವಾಗಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುತ್ತಾನೆ, ಊರು ದಾಟುವ ಗೋಳೇ ಇಲ್ಲ. ಇದು ಸರಿ. ಆದರೆ ದಿನಕ್ಕೆ ಒಂದೋ ಎರಡೋ ವಿಮಾನವಿರುವ ಕಡೆ ಆ ವೇಳೆ ಮುಂದಿನ ಅಗ್ಗದ ವಿಮಾನಕ್ಕೆ ಹೊಂದಿಕೊಂಡಾಗ ಮಾತ್ರ ಅದು ಉಪಯೋಗ. ಬಸ್ಸು ಗಂಟೆಗಂಟೆಗೂ ಇದೆ.

ಸೇಲಂನಲ್ಲಿ ಬೇಡಿಕೆಯೇ ಇಲ್ಲ, ಅದಕ್ಕೇ ಕಂಪನಿಗಳು ಓಡಿಹೋದವು ಎಂಬ ರೂಢಿಯ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಎನ್‌ಇಪಿಸಿ 1990ರ ದಶಕ ಮುಗಿಯುವ ಮುನ್ನವೇ ಮುಚ್ಚಿತು. ಕಿಂಗ್‌ಫಿಷರ್ 2012ರಲ್ಲಿ ದೇಶಾದ್ಯಂತ ನೆಲಕಚ್ಚಿತು. ಟ್ರೂಜೆಟ್ 2022ರಲ್ಲಿ ಪೂರ್ತಿ ನಿಂತಿತು. ಸೇಲಂ ಬಿಟ್ಟ ಮೂರೂ ಕಂಪನಿಗಳು ಬದುಕಿಯೇ ಉಳಿಯಲಿಲ್ಲ. ಅವುಗಳ ನಿರ್ಗಮನದಿಂದ ಸೇಲಂನ ಬೇಡಿಕೆಯನ್ನು ಅಳೆಯಲಾಗದು. ಅದೇ ಕಾರಣಕ್ಕೆ, ಹೆದ್ದಾರಿಯ ಪೈಪೋಟಿಯಿಂದಲೇ ಅವು ಸೋತವು ಎಂದು ನನ್ನ ವಾದಕ್ಕೆ ಅನುಕೂಲವಾಗಿ ಓದುವುದೂ ಸಲ್ಲದು. ಉಡಾನ್ ಕುರಿತು 2023ರ ಮಹಾಲೇಖಪಾಲರ ವರದಿ ತೋರಿಸುವ ಚಿತ್ರ ದೇಶದ್ದು: ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ, ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಸಹಾಯಧನ ಮುಗಿದ ಮೇಲೂ ಉಳಿದದ್ದು 54. ಸೇಲಂ ಅಪವಾದವಲ್ಲ.

ಹೆದ್ದಾರಿಯ ಆಚೆಗೆ, ಕಾಗದದ ಮೇಲೆ ಎಳೆದ ಇನ್ನೊಂದು ಗಡಿಯೂ ಇದೆ. 2004ರ ಬೆಂಗಳೂರು ನಿಲ್ದಾಣದ ಒಪ್ಪಂದದಂತೆ, ಅದು ತೆರೆದ ದಿನದಿಂದ 25 ವರ್ಷ, 150 ಕಿ.ಮೀ. ವೈಮಾನಿಕ ಅಂತರದೊಳಗೆ ಮೈಸೂರು, ಹಾಸನ ಹೊರತು ಬೇರೆ ನಿಲ್ದಾಣವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಬೆಳೆಸುವಂತಿಲ್ಲ. ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು, ಗಡುವು 2033. ಅಕ್ಷಾಂಶ–ರೇಖಾಂಶಗಳಿಂದ ಲೆಕ್ಕ ಹಾಕಿದರೆ ಧರ್ಮಪುರಿ ಪಟ್ಟಣ ಸುಮಾರು 130 ಕಿ.ಮೀ.ನಲ್ಲಿ ವೃತ್ತದ ಒಳಗೆ ಬೀಳುತ್ತದೆ, ಕಾಮಲಾಪುರ ಸುಮಾರು 160ರಲ್ಲಿ ಹೊರಗೆ ಉಳಿಯುತ್ತದೆ. ಗೆರೆ ಹಾಯುವುದು ತೊಪ್ಪೂರು ಘಾಟಿಯ ಆಸುಪಾಸಿನಲ್ಲಿ. ಉಡಾನ್ ಪ್ರಸ್ತಾಪದಲ್ಲಿ ಹೊಸೂರಿನ ಹೆಸರು ಬಂದಾಗ ಅಡ್ಡ ಬಂದದ್ದು ಈ ಷರತ್ತೇ. ಹಾಗಿದ್ದೂ ಧರ್ಮಪುರಿಯವರಿಗೆ ಟಿಕೆಟ್ ದುಬಾರಿಯಾಗಲು ಈ ವೃತ್ತವೇ ಕಾರಣ ಎನ್ನಲು ನನಗೆ ಮನಸ್ಸಿಲ್ಲ. ಅವರ ಅಗ್ಗದ ಟಿಕೆಟ್ ಹುಟ್ಟುತ್ತಿರುವುದು ವೃತ್ತದ ಕೇಂದ್ರದಲ್ಲೇ, ಹಲವು ಕಂಪನಿಗಳು ಪೈಪೋಟಿಗೆ ಬಿದ್ದ ಆ ಒಂದೇ ನಿಲ್ದಾಣದಲ್ಲಿ.

ಈ ಷರತ್ತಿದ್ದರೂ 2024ರ ಜೂನ್‌ನಲ್ಲಿ ತಮಿಳುನಾಡು ಸರಕಾರ ಹೊಸೂರಿನಲ್ಲಿ 2,000 ಎಕರೆಯ ಅಂತರರಾಷ್ಟ್ರೀಯ ನಿಲ್ದಾಣವನ್ನು ಘೋಷಿಸಿತು. ಅದು ಕೈಗೂಡಿದರೆ ಧರ್ಮಪುರಿಯವರು ಬೆಂಗಳೂರನ್ನು ಸೀಳಿಕೊಂಡು ಹೋಗುವ ಖರ್ಚು ತಪ್ಪುತ್ತದೆ, ಬಂಧುಗಳ ಮನೆಯಲ್ಲಿ ರಾತ್ರಿ ತಂಗುವುದೂ ಬೇಕಾಗದೆ ಹೋಗಬಹುದು. ಆದರೆ ಬೆಂಗಳೂರಿನ ಪೈಪೋಟಿ ಎರಡು ನಿಲ್ದಾಣಗಳಿಗೆ ಹಂಚಿಹೋದಾಗ ಅದರ ದರ ಇಳಿದೀತೋ ಏರೀತೋ ಎಂಬುದು ಬೇರೆಯೇ ಪ್ರಶ್ನೆ. ಯಾವ ಮಾರ್ಗದಲ್ಲಿ ಎಷ್ಟು ಜನ ಹಾರಿದರೆಂಬ ಲೆಕ್ಕವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಕಟಿಸುತ್ತದೆ. ಬೆಂಗಳೂರಿನಲ್ಲಿ ವಿಮಾನ ಹತ್ತಿದವನು ಮನೆಯಿಂದ ಹೊರಟದ್ದು ಧರ್ಮಪುರಿಯಿಂದಲೋ ದಾವಣಗೆರೆಯಿಂದಲೋ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಕೃಷ್ಣಗಿರಿ, ಧರ್ಮಪುರಿ, ಸೇಲಂ ಬಸ್ ನಿಲ್ದಾಣಗಳಲ್ಲಿ ನಿಂತು ಲಗೇಜ್ ಹಿಡಿದು ಬೆಂಗಳೂರು ಬಸ್ ಹತ್ತುವವರನ್ನು ಕೇಳಿ ಮಾಡುವ ಸಮೀಕ್ಷೆಯಿಂದಲೇ ಅದು ತಿಳಿಯಬೇಕು.