ಕಣ್ಣಿನ ಮುಡುಕು

ಊರಿನ ಹೆಸರನ್ನು ಇಂಗ್ಲಿಷ್ ಬೋರ್ಡಿನಲ್ಲಿ ಓದಿದ ಹೊರಗಿನವರು ಮುಡುಕುತೊರೆಯನ್ನು ‘ಮುದುಕುತೊರೆ’ ಮಾಡಿಬಿಡುತ್ತಾರೆ. ಮುದುಕರಿಗೂ ಈ ಹೆಸರಿಗೂ ನಂಟಿಲ್ಲ. ಮುಡುಕು ಎಂದರೆ ಬಾಗು, ತಿರುವು, ಮೂಲೆ. ತಮಿಳರು ಮೂಲೆಗೂ ಇಕ್ಕಟ್ಟು ಓಣಿಗೂ ಈಗಲೂ ‘ಮುಡುಕ್ಕು’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಸವೆದುಹೋದ ಆ ಪದ, ತಲಕಾಡಿನ ಬಳಿ ಕಾವೇರಿ ಮಗ್ಗುಲು ಬದಲಿಸುವ ಈ ಊರಿನ ಹೆಸರಲ್ಲಿ ಉಳಿದುಕೊಂಡಿದೆ. ಮಲ್ಲಿಕಾರ್ಜುನನ ಬೆಟ್ಟ ಹತ್ತಿ ನಿಂತರೆ ನಿಘಂಟು ಬೇಡ. ಅರ್ಥ ಕೆಳಗೆ ಹರಿಯುತ್ತಿರುತ್ತದೆ.

ಈ ಪದ ನನಗೆ ಬೇಕಾದದ್ದು ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯನ್ನು ವಿವರಿಸಲು. ಕಣ್ಣೊಳಗೂ ಒಂದು ತೊರೆಯಿದೆ. ಕಣ್ಣೀರು ಬೇರೆ, ಇದು ಬೇರೆ. ಪಾಪೆಯ ಹಿಂದೆ ಒಸರುವ ತಿಳಿನೀರು ಮುಂದೆ ಬಂದು, ಪಾಪೆಯ ಸುತ್ತಲ ಬಣ್ಣದ ಪರದೆಯೂ ಕಾರ್ನಿಯಾವೂ ಕೂಡುವ ಮೂಲೆಯಲ್ಲಿ ಸೋಸಿ ಹೊರಹೋಗುತ್ತದೆ. ವೈದ್ಯರ ಬಾಯಲ್ಲಿ ಅದು ‘ಆ್ಯಂಗಲ್’. ಮುಡುಕು ಎಂದರೆ ಇನ್ನೂ ಚೆನ್ನ. ಆ ಮುಡುಕು ಮುಚ್ಚಿದರೆ, ಇಲ್ಲವೇ ತೆರೆದಿದ್ದೂ ಅದರ ಜಾಲರಿ ಕಟ್ಟಿಕೊಂಡರೆ, ತೂಬು ಕಟ್ಟಿದ ಕೆರೆಯಂತೆ ಒತ್ತಡ ಏರಿ ಹಿಂದಿನ ದೃಷ್ಟಿನರ ಸಾಯತೊಡಗುತ್ತದೆ. ಒತ್ತಡ ಸಾಮಾನ್ಯ ಮಿತಿಯಲ್ಲಿದ್ದೂ ನರ ಹಾಳಾಗುವವರಿದ್ದಾರೆ.

ಹಳಬರಿಗೆ ಈ ಮೂಲೆ ಕಾಣಲಿಲ್ಲ, ಬಣ್ಣ ಕಂಡಿತು. ಗ್ಲಾಕೋಮಾ ಹೆಸರಿನ ಬೇರಾದ ಗ್ರೀಕರ ‘ಗ್ಲಾಕೋಸ್’ ಬೂದು, ನೀಲಿ, ಹಸಿರು ಬೆರೆತ ಛಾಯೆ. ಕಣ್ಣಿನ ಪೊರೆಯೂ ಗ್ಲಾಕೋಮಾವೂ ಬಹುಕಾಲ ಒಂದರಲ್ಲೊಂದು ಕಲಸಿಕೊಂಡಿದ್ದವು. ಸುಶ್ರುತ ನೋವನ್ನು ಹಿಡಿದ. ಅವನ ‘ಅಧಿಮಂಥ’ದಲ್ಲಿ ಕಣ್ಣು ಕಡೆದಂತಾಗುತ್ತದೆ, ಹಠಾತ್ತನೆ ಬರುವ ಗ್ಲಾಕೋಮಾಕ್ಕೆ ಅದನ್ನು ಹೋಲಿಸುವುದುಂಟು. ಆ ಮಂಥವೂ ಮಜ್ಜಿಗೆ ಕಡೆಯುವ ನಮ್ಮ ಮಂತೂ ಒಂದೇ ಮನೆತನ. ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣೊಳಗೆ ಇಣುಕುವ ಸಾಧನ ಕೊಟ್ಟ ಮೇಲೆ ನರದ ಹಾನಿ ಕಂಡಿತು.

ಗ್ರೀಕರ ಕಲಸುಮೇಲೋಗರ ನಮ್ಮಲ್ಲಿ ಇನ್ನೂ ಇದೆ. ನೋಟ ಮಂಕಾದರೆ ‘ಪೊರೆ ಬಂದದೆ, ಬಲೀಲಿ ಬುಡು’ ಎಂದು ಕೂರುತ್ತೇವೆ. ಪೊರೆ ತೆಗೆದರೆ ನೋಟ ಮರಳೀತು. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಅಂಚಿನ ನೋಟ ಮೊದಲು ಕರಗುತ್ತದೆ, ನೇರ ನೋಟ ಕೊನೆಯವರೆಗೂ ಉಳಿದು ಮೋಸ ಮಾಡುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಮಾತ್ರ ಅದೇ ದಿನ ಕಣ್ಣಾಸ್ಪತ್ರೆಗೆ ಓಡಬೇಕು.

ಅಂಗಡಿಯ ಸ್ಟೆರಾಯ್ಡ್ ಹನಿಯನ್ನು ನಿಮ್ಮಷ್ಟಕ್ಕೆ ಬಿಟ್ಟುಕೊಳ್ಳಬೇಡಿ, ಅದೂ ಒತ್ತಡ ಏರಿಸಬಲ್ಲದು. ನಲವತ್ತು ದಾಟಿದವರು, ಅದರಲ್ಲೂ ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದವರು, ಕನ್ನಡಕದ ನಂಬರಷ್ಟೇ ನೋಡಿಸಿಕೊಂಡು ಎದ್ದುಬರಬೇಡಿ. ಒತ್ತಡ, ನರ, ಮುಡುಕು ಮೂರನ್ನೂ ನೋಡಿ ಎಂದು ಕೇಳಿ. ಮುಡುಕು ಅರ್ಥವಾಗದಿದ್ದರೆ ಆ್ಯಂಗಲ್ ಎನ್ನಿ.