ಸೀವುಡ್ಸ್‌ನಿಂದ ಕಲ್ಯಾಣಕ್ಕೆ ಎರಡು ನಿಯಮ

ನವಿ ಮುಂಬಯಿಯ ಸೀವುಡ್ಸ್‌ನಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲೇ ಹೋಗಬಹುದೇ ಎಂದು ಸ್ಟೇಷನ್ನಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿದ್ಧ: ಠಾಣೆ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ. ಡೇಟಾಬೇಸ್‌ಗೆ ಮಾತ್ರ ಈ ಪ್ರಶ್ನೆ ಬಹುಕಾಲ ಕಬ್ಬಿಣದ ಕಡಲೆಯಾಗಿತ್ತು.

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು, ಅವುಗಳನ್ನು ಪ್ರಶ್ನಿಸುವ ಬೀಜಗಣಿತವನ್ನೂ ಕೊಟ್ಟರು. ಅಕ್ಕಪಕ್ಕದ ನಿಲ್ದಾಣಗಳ ಕೋಷ್ಟಕವೊಂದಿದೆ ಎನ್ನಿ: ಸೀವುಡ್ಸ್–ನೇರೂಳ್, ನೇರೂಳ್–ಜುಯಿನಗರ, ಜುಯಿನಗರ–ತುರ್ಭೆ. ಎರಡು ಹೆಜ್ಜೆಯ ದಾರಿ ಹುಡುಕಲು ಕೋಷ್ಟಕವನ್ನು ಅದಕ್ಕೇ ಒಮ್ಮೆ ಜೋಡಿಸಬೇಕು, ಮೂರಕ್ಕೆ ಇನ್ನೊಮ್ಮೆ. ಎಷ್ಟು ಹೆಜ್ಜೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ? 1979ರಲ್ಲಿ ಆಲ್‌ಫ್ರೆಡ್ ಆಹೊ, ಜೆಫ್ರಿ ಉಲ್ಮನ್ ಸಾಧಿಸಿ ತೋರಿಸಿದರು: ಆ ಬೀಜಗಣಿತದಲ್ಲಿ ಇದನ್ನು ಕೇಳಲು ಸಾಧ್ಯವೇ ಇಲ್ಲ.

ತರ್ಕದ ನಿಯಮಗಳಲ್ಲಿ ಬರೆಯುವ ಡೇಟಾಲಾಗ್‌ಗೆ ಎರಡೇ ಸಾಲು ಸಾಕು. ಪಕ್ಕದ ನಿಲ್ದಾಣ ತಲುಪಬಹುದು. ತಲುಪಬಹುದಾದ ನಿಲ್ದಾಣದ ಪಕ್ಕದ್ದನ್ನೂ ತಲುಪಬಹುದು. ಹೊಸದೇನೂ ಸಿಗದಾಗುವವರೆಗೆ ಯಂತ್ರ ಈ ನಿಯಮಗಳನ್ನು ತಿರುತಿರುಗಿ ಹಚ್ಚುತ್ತದೆ. ಐರೋಲಿ, ಠಾಣೆ, ಡೊಂಬಿವಲಿ ಒಂದೊಂದಾಗಿ ಬಂದು ಕಲ್ಯಾಣವೂ ಸಿಗುತ್ತದೆ. ಇದೇ ಲೋಕಲ್ ಜಾಲದ ಉರಣ್ ಮಾರ್ಗ 2018ರಲ್ಲಿ ಖಾರ್‌ಕೋಪರ್‌ವರೆಗೆ, 2024ರ ಜನವರಿಯಲ್ಲಿ ಉರಣ್‌ವರೆಗೆ ತೆರೆಯಿತು. ಕೋಷ್ಟಕಕ್ಕೆ ಆ ಹೊಸ ನಿಲ್ದಾಣಗಳ ಸಾಲುಗಳನ್ನು ಸೇರಿಸಿದರಾಯಿತು, ನಿಯಮ ಮುಟ್ಟಬೇಕಿಲ್ಲ.

ಆದರೆ ಈ ಶಕ್ತಿಗೂ ಎಲ್ಲೆಯಿದೆ. ಅಪ್ಪಟ ಡೇಟಾಲಾಗ್‌ನಲ್ಲಿ ಕೋಷ್ಟಕಕ್ಕೆ ಸಾಲು ಸೇರಿಸಿದರೆ ಉತ್ತರ ಹೆಚ್ಚಬಹುದೇ ಹೊರತು ಹಳೆಯದು ಅಳಿಯದು. ಹಾಗಾಗಿ ‘ಯಾವ ನಿಲ್ದಾಣ ತಲುಪಲಾಗದು’ ಎಂದು ಅದರಲ್ಲಿ ಕೇಳುವಂತಿಲ್ಲ. ಅದಕ್ಕೆ ‘ಇಲ್ಲ’ ಎನ್ನುವ ನಿಷೇಧವನ್ನು ಸೇರಿಸಬೇಕು. ಹಂತಹಂತವಾಗಿ ಸೇರಿಸಿದರೂ, ನಿಲ್ದಾಣಗಳಿಗೆ ಕ್ರಮಾಂಕ ಕೊಡದಿದ್ದರೆ ಅವುಗಳ ಸಂಖ್ಯೆ ಸಮವೋ ಬೆಸವೋ ಎಂದು ಹೇಳಲೂ ಡೇಟಾಲಾಗ್‌ಗೆ ಬಾರದು. ಕಲ್ಯಾಣದ ದಾರಿ ಹುಡುಕಿದ ಜಾಣ ಎಣಿಕೆಯಲ್ಲಿ ಎಡವುತ್ತಾನೆ! ಕ್ರಮವಿದ್ದರೆ ಚಿತ್ರವೇ ಬೇರೆ. ಆಗ, ಹೊಸದೇನೂ ಸಿಗದಾಗುವವರೆಗೆ ನಿಯಮ ಹಚ್ಚುವ ಸ್ಥಿರಬಿಂದು ತರ್ಕ ಬಹುಪದೀಯ ಕಾಲದಲ್ಲಿ (ಸ್ಥೂಲವಾಗಿ, ಯಂತ್ರ ನಿಭಾಯಿಸಬಲ್ಲ ಸಮಯದಲ್ಲಿ) ಲೆಕ್ಕಹಾಕಬಹುದಾದ ಪ್ರಶ್ನೆಗಳನ್ನೆಲ್ಲ ಕೇಳಬಲ್ಲದು ಎಂದು ನೀಲ್ ಇಮ್ಮರ್‌ಮನ್, ಮೋಶೆ ವಾರ್ಡಿ 1982ರಲ್ಲಿ ಬೇರೆಬೇರೆಯಾಗಿ ತೋರಿಸಿದರು.

ಈ ಕಥೆಯಲ್ಲಿ ಭಾರತೀಯರ ಪಾಲು ದೊಡ್ಡದು. ಯಾವ ಭಾಷೆ ಎಷ್ಟು ಕೇಳಬಲ್ಲದು ಎಂಬುದನ್ನು ಕಾನ್ಪುರ ಐಐಟಿಯಲ್ಲಿ ಓದಿದ ಅಶೋಕ್ ಚಂದ್ರ, ಡೇವಿಡ್ ಹರೆಲ್ ಜೊತೆಗೂಡಿ ಶ್ರೇಣಿಗಳಾಗಿ ವಿಂಗಡಿಸಿದರು. ಬೇಡದ ಲೆಕ್ಕವನ್ನು ತಪ್ಪಿಸುವ ‘ಮ್ಯಾಜಿಕ್ ಸೆಟ್ಸ್’ ತಂತ್ರವನ್ನು ಬೆಳೆಸಿದವರಲ್ಲಿ ರಘು ರಾಮಕೃಷ್ಣನ್ ಒಬ್ಬರು. ವಿಸ್ಕಾನ್ಸಿನ್‌ನಲ್ಲಿ ಅವರು ದಿವೇಶ್ ಶ್ರೀವಾಸ್ತವ, ಎಸ್. ಸುದರ್ಶನ್ ಜೊತೆ ಇಂಥ ನಿಯಮಗಳನ್ನು ನಡೆಸುವ ‘ಕೋರಲ್’ ವ್ಯವಸ್ಥೆಯನ್ನು ಕಟ್ಟಿದರು. ಸುದರ್ಶನ್ ಮುಂದೆ ಐಐಟಿ ಬಾಂಬೆ ಸೇರಿದರು. ಪೊವೈಯ ಆ ಕ್ಯಾಂಪಸ್ಸಿಗೂ ಸೀವುಡ್ಸ್‌ಗೂ ನಡುವೆ ಇರುವುದು ಠಾಣೆ ಖಾರಿ.

ಪೇಟೆ ಮಾತ್ರ ನಿಧಾನಿಸಿತು. ಡೇಟಾಬೇಸ್‌ಗಳ ಪ್ರಶ್ನಾಭಾಷೆ ಎಸ್‌ಕ್ಯೂಎಲ್‌ನ ಮಾನಕಕ್ಕೆ ಇಂಥ ಪುನರಾವರ್ತಿ ಪ್ರಶ್ನೆ ಬಂದದ್ದು 1999ರಲ್ಲಿ, ಅದೂ ಕತ್ತರಿಸಿದ ರೂಪದಲ್ಲಿ. ಡೇಟಾಬೇಸ್ ತಂತ್ರಾಂಶಗಳಾದ ಪೋಸ್ಟ್‌ಗ್ರೆಸ್ 2009ರಲ್ಲಿ, ಮೈಎಸ್‌ಕ್ಯೂಎಲ್ 2018ರಲ್ಲಿ ಅದನ್ನು ಅಳವಡಿಸಿಕೊಂಡವು.